ಹಿನಾಬಾನಿನ ಕಲ್ಲುಗಳನ್ನು ಎತ್ತಬೇಡಿ

ಮೂರನೆಯ ಹೊರೆಯಾದ ಹತ್ತೊಂಬತ್ತನೆಯ ವರ್ಷ,
ಈಶಾನ್ಯದ ಗಾಳಿ ತಿರುಗಿದ ತಿಂಗಳು.
ನಿಮ್ಮ ಕ್ಯಾಲೆಂಡರಿನಲ್ಲಿ ಎರಡು ಸಾವಿರದ ನೂರೈವತ್ತು.

ಪ್ರೀತಿಯ ಮುತ್ತಜ್ಜ ಸುಧನ್ವ ಮೊಗವೀರರಿಗೆ, ನಿಮ್ಮ ಮಗಳ ಮೊಮ್ಮಗಳು ಪೆರ್ಪೆತುವಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ಕಂಡು ಗಾಬರಿಯಾಗಬೇಡಿ. ನಿಮಗೀಗ ಇಪ್ಪತ್ತು ವರ್ಷ, ನನಗೆ ಅರವತ್ತೈದು. ಆದರೂ ಹಿರಿಯರು ನೀವೇ. ನನ್ನ ಕನ್ನಡದಲ್ಲಿ ತಪ್ಪುಗಳಿದ್ದರೆ ಕ್ಷಮಿಸಿ. ಇದನ್ನು ನಾನು ಶಾಲೆಯಲ್ಲಿ ಕಲಿತದ್ದಲ್ಲ, ನಿಮ್ಮ ಮಗಳು ಲಿಗಾಯಾ, ಅಂದರೆ ನನ್ನ ಅಜ್ಜಿ, ಅಕ್ಕಿ ಆರಿಸುತ್ತಾ ಹೇಳಿಕೊಟ್ಟದ್ದು. ಆಮೇಲೆ ಸಿಕ್ಕಿದ ಕನ್ನಡ ಪುಸ್ತಕಗಳನ್ನೆಲ್ಲ ಓದಿದೆ. ಹಾಗಾಗಿ ನನ್ನ ಮಾತು ಅರ್ಧ ಅಡುಗೆಮನೆಯದು, ಅರ್ಧ ಪುಸ್ತಕದ್ದು. ನಮ್ಮ ಕಾಲದಲ್ಲಿ ಹುಟ್ಟಿದ ಕೆಲವು ಪದಗಳೂ ನಡುವೆ ಬಂದಾವು. ಬಂದಲ್ಲೇ ಬಿಡಿಸಿ ಹೇಳುತ್ತೇನೆ.

ನೀವೀಗ ಫಿಲಿಪ್ಪೀನ್ಸಿನ ಒಂದು ದೊಡ್ಡ ಊರಿನಲ್ಲಿ ವೈದ್ಯಕೀಯ ಎರಡನೆಯ ವರ್ಷದಲ್ಲಿದ್ದೀರಿ. ಮರವಂತೆಯಿಂದ ತಾಯಿ ಕಳಿಸಿದ ಮಾವಿನ ಮಿಡಿ ಉಪ್ಪಿನಕಾಯಿಯನ್ನು ಜಿಪುಣನ ಹಾಗೆ ತಿನ್ನುತ್ತಿದ್ದೀರಿ. ಇದೆಲ್ಲ ಅಜ್ಜಿ ಹೇಳಿದ್ದು. ಬರುವ ಆಗಸ್ಟಿನಲ್ಲಿ ನಿಮ್ಮ ಸಹಪಾಠಿಯೊಬ್ಬ ಊರ ಹಬ್ಬಕ್ಕೆ ಕರೆಯುತ್ತಾನೆ. ಬಸ್ಸು, ದೋಣಿ, ಮತ್ತೆ ಮೂರು ಗಾಲಿಯ ಮೋಟಾರು ಸೈಕಲ್ಲು ಹತ್ತಿ ನೀವು ಸಮರ್ ದ್ವೀಪದ ತೆಂಕು ಕರಾವಳಿಯ ಒಂದು ಸಣ್ಣ ಪುರಸಭೆಗೆ ಬಂದಿಳಿಯುತ್ತೀರಿ. ಅದೇ ಹಿನಾಬಾನ್. ಅಲ್ಲಿ ಕರಿದಾದ್ ಎಂಬ ಹುಡುಗಿ ನಿಮ್ಮ ತಟ್ಟೆಗೆ ಹುರಿದ ಹಂದಿಮಾಂಸ ಬಡಿಸಿ, ನೀವು ಅದನ್ನೇ ದಿಟ್ಟಿಸುತ್ತಾ ಬೆವರುವುದನ್ನು ಕಂಡು, "ಅಮ್ಮಾ, ಈ ದೊಕ್ ತನ್ನ ಮೊದಲ ರೋಗಿಯನ್ನು ನೋಡ್ತಾ ಇದ್ದಾನೆ!" ಎಂದು ಕೂಗುತ್ತಾಳೆ. ಡಾಕ್ಟರನ್ನು ಇಲ್ಲಿ ದೊಕ್ ಎನ್ನುತ್ತಾರೆ. ಮುಂದಿನದು ನಿಮಗೇ ತಿಳಿಯುತ್ತದೆ. ಆ ಸುಖವನ್ನು ನಾನು ಮುಂಚಿತವಾಗಿ ಕೆಡಿಸುವುದಿಲ್ಲ. ನೀವು ಇನ್ನೂ ನೋಡಿರದ ಈ ಊರಿನ ನೆಲದ ಬಗ್ಗೆ, ಅದರ ಕಥೆಯ ಬಗ್ಗೆ ಮಾತ್ರ ಹೇಳುತ್ತೇನೆ. ಆ ನೆಲದಲ್ಲಿ ನನ್ನದೊಂದು ಇತ್ತು. ಅದನ್ನು ಉಳಿಸಲು ಈಗ ನಿಮ್ಮೊಬ್ಬರಿಂದಲೇ ಸಾಧ್ಯ.

ನಕ್ಷೆಯಲ್ಲಿ ಹಿನಾಬಾನ್ ಅರ್ಧ ಕಚ್ಚಿದ ರೊಟ್ಟಿಯ ಹಾಗೆ ಕಾಣುತ್ತದೆ. ಕಚ್ಚಿದ ಭಾಗ ಕೊಲ್ಲಿ. ಹಿಂದೆ ಮಾಹಂಗಿನ್ ಗುಡ್ಡ, ಅದರ ನೆತ್ತಿಯಲ್ಲಿ ಎರಡು ಕೋಡುಗಳ ನಡುವೆ ಒಂದು ಕಣಿವೆ. ಗುಡ್ಡಕ್ಕೂ ಕಡಲಿಗೂ ನಡುವೆ ತೆಂಗಿನ ತೋಟ, ಗದ್ದೆ, ಕೆಸರುಗದ್ದೆಯಾಚೆ ಕಾಂಡ್ಲಾ ಗಿಡಗಳು. ನಿಮ್ಮ ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ರಸ್ತೆ ಎಂದು ಅಜ್ಜಿ ಹೇಳುತ್ತಿದ್ದರು. ಇಲ್ಲಿನ ಲಿನಾವ್ ಹೊಳೆ ಕಡಲು ಸೇರುವ ಮೊದಲು ತೀರದುದ್ದಕ್ಕೂ ಹರಿಯುವುದನ್ನು ನೋಡಿ ನಿಮಗೆ ಮನೆ ನೆನಪಾಗಿ, ಯಾರಿಗೂ ಹೇಳದೆ ಅತ್ತಿರಂತೆ. ಪುರಸಭೆಯನ್ನು ಹನ್ನೊಂದು ಬರಂಗಾಯ್‌ಗಳಾಗಿ ಹಂಚಿದ್ದಾರೆ. ಬರಂಗಾಯ್ ಎಂದರೆ ವಾರ್ಡು ಎನ್ನಿ, ಸ್ವಂತ ಮುಖ್ಯಸ್ಥ, ಸ್ವಂತ ಜಗಳ, ಸ್ವಂತ ಬಾಸ್ಕೆಟ್‌ಬಾಲ್ ಅಂಕಣ ಇರುವ ವಾರ್ಡು. ಆ ಹನ್ನೊಂದರಲ್ಲಿ ಏಳು ಈಗ ನೀರಿನಡಿ ಇವೆ. ಅವುಗಳ ಹೆಸರನ್ನು ಶಾಲೆಯಲ್ಲಿ ಮಕ್ಕಳು ಪ್ರಾರ್ಥನೆಯ ಹಾಗೆ ಹೇಳುತ್ತಾರೆ. ಯಾಕೆ ಹೇಳಬೇಕು ಎಂದು ಅವರಿಗೆ ಗೊತ್ತಿಲ್ಲ. ಇಪ್ಪತ್ತೆಂಟು ವರ್ಷ ಆ ಶಾಲೆಯಲ್ಲಿ ಇತಿಹಾಸ ಕಲಿಸಿದವಳು ನಾನೇ, ನನಗೆ ಗೊತ್ತಿದೆ.

ಕಥೆಯನ್ನು ಗಂಟೆಯಿಂದ ಶುರುಮಾಡಬೇಕು. ಸ್ಪೇನಿನ ಪಾದ್ರಿಗಳು ಬರುವ ಮೊದಲು ಇಲ್ಲಿ ಊರು ಎಂಬುದೇ ಇರಲಿಲ್ಲ. ಹೊಳೆಯ ಬಾಯಿಗೊಂದು, ಗುಡ್ಡದ ಮಗ್ಗುಲಿಗೊಂದು ಎಂದು ಮನೆಗಳು ಚದುರಿದ್ದವು. ಪಾದ್ರಿಗಳು ಹವಳದ ಕಲ್ಲಿನಿಂದ ಸಂತ ರೋಕೆಯ ಇಗರ್ಜಿ ಕಟ್ಟಿ, ಗೋಪುರದಲ್ಲಿ ಗಂಟೆ ಕಟ್ಟಿ, "ಇದರ ಸದ್ದು ಕೇಳುವಷ್ಟು ದೂರದಲ್ಲಿ ಬಂದು ನೆಲೆಸಿ" ಎಂದು ಆಜ್ಞೆ ಹೊರಡಿಸಿದರು. ಬಂದವರು ಊರಿನವರಾದರು, ಬಾರದವರು ಕಾಡಿನವರಾದರು. ಅಂದಿನಿಂದ ನಮ್ಮವರ ಮನಸ್ಸಿನಲ್ಲಿ ಒಂದು ನಂಬಿಕೆ ಬೇರುಬಿಟ್ಟಿತು: ಊರು ಎಂದರೆ ನೆಲವಲ್ಲ, ಗಂಟೆ ಕೇಳುವ ಜನ. ದಂಡೆತ್ತಿ ಬಂದ ಕಡಲ್ಗಳ್ಳರು ಊರು ಸುಟ್ಟಾಗ ಜನ ಗಂಟೆಯನ್ನು ಇಳಿಸಿಕೊಂಡು ಗುಡ್ಡಕ್ಕೆ ಓಡಿದರು. ಮೂರು ವರ್ಷ ಗುಡ್ಡವೇ ಹಿನಾಬಾನ್ ಆಯಿತು. ಅಮೆರಿಕದವರು ಬಂದರು, ಶಾಲೆ ತೆರೆದರು, ಸರಪಳಿ ಹಿಡಿದು ನೆಲ ಅಳೆದರು, ಮೂಲೆಮೂಲೆಗೆ ಕಾಂಕ್ರೀಟಿನ ಗಡಿಕಲ್ಲು ನೆಟ್ಟರು. ಇವುಗಳನ್ನು ಇಲ್ಲಿ ಮೊಹೊನ್ ಎನ್ನುತ್ತಾರೆ. ನೆಟ್ಟ ಕೂಡಲೇ ನಮ್ಮವರು ಪಾದ್ರಿಯನ್ನು ಕರೆಸಿ ಕಲ್ಲಿಗೆ ಪವಿತ್ರ ಜಲ ಪ್ರೋಕ್ಷಿಸಿದರು. ಹೊಸ ದೋಣಿಗೆ, ಹೊಸ ಮನೆಗೆ, ಹೊಸ ಮೋಟಾರು ಸೈಕಲ್ಲಿಗೆ ಮಾಡುವ ಹಾಗೆ. ಪ್ರತಿ ಕಲ್ಲಿಗೂ ಒಬ್ಬ ಧರ್ಮಪಿತನೂ ಇದ್ದ, ನಗಬೇಡಿ. ಸರಕಾರಕ್ಕೆ ಅದು ಗುರುತು. ನಮ್ಮವರಿಗೆ ಅದು ಮನೆಯ ಮಗು. ಆ ಅಂತರವೇ ನಮ್ಮನ್ನು ಕೆಡಿಸಿತು.

ಈಗ ಹೊರೆ ಎಂಬ ನಮ್ಮ ಪದ. ನೀವು ಬರುವ ಕಾಲಕ್ಕಾಗಲೇ ಕಡಲು ವರ್ಷವರ್ಷಕ್ಕೆ ಒಂದೊಂದು ತೆಂಗಿನ ಸಾಲನ್ನು ಕೀಳುತ್ತಿರುತ್ತದೆ. ನಿಮಗೆ ನಲವತ್ತೈದಾದಾಗ, ಎರಡು ದೊಡ್ಡ ಚಂಡಮಾರುತಗಳಾದ ಮೇಲೆ, ಊರು ಮೇಲಕ್ಕೆ ಹೋಗಬೇಕೆಂದು ತೀರ್ಮಾನವಾಗುತ್ತದೆ. ಬಿದಿರು ಮತ್ತು ತಾಳೆಗರಿಯ ಮನೆಗಳನ್ನು ಜನ ಬಿದಿರ ಗಳುಗಳ ಮೇಲೆ ಹೆಗಲು ಕೊಟ್ಟು ಎತ್ತಿ, ಹಾಗೆಯೇ ಹೊತ್ತುಕೊಂಡು ನಡೆಯುವುದು ಇಲ್ಲಿನ ಹಳೆಯ ಪದ್ಧತಿ. ಒಳಗೆ ಅಜ್ಜಿಯೊಬ್ಬಳು ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿರುವುದೂ ಉಂಟು. ಹಾಗೆ ಇಡೀ ಊರು ಹೆಗಲ ಮೇಲೆ ಗುಡ್ಡದ ಬುಡಕ್ಕೆ ಹೋದದ್ದು ಮೊದಲನೆಯ ಹೊರೆ. ಐವತ್ತು ವರ್ಷದ ಮೇಲೆ ಎರಡನೆಯದು, ಆಗ ನನಗೆ ಹದಿನೈದು. ಆಮೇಲೆ ಮೂರನೆಯದು. ಸಿಮೆಂಟಿನ ಮನೆಗಳು ಬರಲಾಗದೆ ಹಿಂದೆ ಉಳಿದು ಮುಳುಗಿದವು. ಮೊದಲ ಹೊರೆಯಿಂದೀಚೆಗೆ ಹಿನಾಬಾನಿನಲ್ಲಿ ಯಾರೂ ಭಾರದ ಮನೆ ಕಟ್ಟಿಲ್ಲ. ನಮ್ಮದು ಎತ್ತುಮನೆ. ನೆಲಕ್ಕೆ ತಾಗದ ಬುಡ, ಬಿಚ್ಚಬಹುದಾದ ಗೋಡೆ. ಮದುವೆಗೆ ನಾವು ಪಾತ್ರೆ ಕೊಡುವುದಿಲ್ಲ, ಹದವಾಗಿ ಬಲಿತ ಬಿದಿರ ಗಳು ಕೊಡುತ್ತೇವೆ. ಯಾರ ಮನೆಯ ಯಾವ ಮೂಲೆಗೆ ಯಾರ ಹೆಗಲು ಎಂಬುದು ಹುಟ್ಟುವಾಗಲೇ ಗೊತ್ತು. ನನ್ನ ಮನೆಯ ಕಡಲ ಕಡೆಯ ಮೂಲೆಗೆ ಹೆಗಲು ಕೊಡುವವನು ಎಲಿಸೆಯೊ. ಅವನನ್ನು ನಾನು ಮನೋ, ಅಂದರೆ ಅಣ್ಣ, ಎನ್ನುತ್ತೇನೆ. ಅವನು ನನ್ನ ಮೂಲೆಬಂಧು. ನೆಂಟರು ಮುನಿಸಿಕೊಳ್ಳಬಹುದು, ಮೂಲೆಬಂಧು ಮುನಿಸಿಕೊಂಡರೆ ಮನೆ ವಾಲುತ್ತದೆ ಎಂಬುದು ನಮ್ಮ ಗಾದೆ.

ಹೀಗೆ ಬದುಕುವುದರಲ್ಲಿ ಸಂತೋಷವೂ ಇದೆ. ದೋಣಿಯಿಂದ ದೋಣಿಗೆ ಕೂಗುವಾಗ ನಮ್ಮ ಮೀನುಗಾರರು "ಹ್ವಾಯ್!" ಎನ್ನುತ್ತಾರೆ. ಅದು ನಿಮ್ಮ ಕುಂದಾಪುರದ ಕಡೆಯ ಕೂಗು ಎಂದು ಅವರಿಗೆ ಗೊತ್ತಿಲ್ಲ. ಹಳೆಯ ದೊಕ್ ಕ್ಲಿನಿಕ್ಕಿನ ಕಿಟಕಿಯಿಂದ ಹಾಗೆ ಕೂಗುತ್ತಿದ್ದನಂತೆ ಎಂದಷ್ಟೇ ಗೊತ್ತು. ಜ್ವರದ ಮಗುವಿನ ತಾಯಿಗೆ ನೀವು ನೋಡೋಣ ಎನ್ನುವ ಬದಲು ನಿಮ್ಮ ಊರಿನ ಹಾಗೆ "ಕಾಂಬ, ಕಾಂಬ" ಎನ್ನುತ್ತಿದ್ದಿರಿ. ಈಗಲೂ ನಮ್ಮಲ್ಲಿ ಗುಣವಾಗುವ ರೋಗಕ್ಕೆ ಕಾಂಬಾ ಎಂದೇ ಹೆಸರು. ನಿಮ್ಮ ಔಷಧಿಗಿಂತ ನಿಮ್ಮ ಮಾತು ಹೆಚ್ಚು ದಿನ ಬಾಳಿತು, ಮುತ್ತಜ್ಜ.

ಆದರೆ ಸ್ಮಶಾನ ಮೇಲಕ್ಕೆ ಬರಲಿಲ್ಲ. ಅದು ಹಳೆಯ ಊರಿನ ಹಿಂದೆ, ಸ್ವಲ್ಪ ಎತ್ತರದ ಮರಳು ದಿಬ್ಬದ ಮೇಲಿತ್ತು. ಎರಡು ಹೊರೆಗಳಾದ ಮೇಲೂ ಒಣಗಿಯೇ ಇತ್ತು. ಸತ್ತವರನ್ನು ನಾವು ಕೆಳಕ್ಕೆ ಹೊತ್ತು, ಅಲ್ಲೇ ಹೂಳಿ, ಮೇಲೆ ಬರುತ್ತಿದ್ದೆವು. ನೀವು ಕೊನೆಗಾಲದಲ್ಲಿ ಸುಡಿ ಎನ್ನಲಿಲ್ಲ, ಕರಿದಾದಳ ಪಕ್ಕ ಹೂಳಿ ಎಂದಿರಿ. ಹಾಗೆಯೇ ಮಾಡಿದರು. ನನಗೆ ಒಬ್ಬ ಮಗ ಹುಟ್ಟಿದ. ಅವನಿಗೆ ನಿಮ್ಮ ಹೆಸರಿಟ್ಟೆ. ಸುಧನ್ವ ಎಂದು ಹೇಳಲು ಊರಿನವರಿಗೆ ನಾಲಿಗೆ ಹೊರಳಲಿಲ್ಲ, ದಂದನ್ ಎಂದರು. ಕಪ್ಪು ಹುಬ್ಬು, ಉದ್ದ ಕೈ, ಎಲ್ಲ ಪ್ರಶ್ನೆಗೂ ಇನ್ನೊಂದು ಪ್ರಶ್ನೆ. ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂದಾಗ ಅವನು ನನ್ನನ್ನು ಕೇಳಿದ್ದು, "ಅಮ್ಮಾ, ಇದು ಕಾಂಬಾ ತಾನೇ?" ನಾನು ಹೌದು ಎಂದೆ. ಅವನನ್ನು ನಿಮ್ಮ ಕಾಲ ಬಳಿ ಹೂಳಿದೆವು. ಇಬ್ಬರು ಸುಧನ್ವರಿಗೂ ಒಂದೇ ಕಲ್ಲು ಸಾಕು ಎಂದು ನಾನೇ ಹೇಳಿದೆ.

ಮೂರನೆಯ ಹೊರೆಯ ವರ್ಷ ಒಂದೇ ವಾರದ ಬಿರುಗಾಳಿಗೆ ಕಡಲು ದಿಬ್ಬ ದಾಟಿತು. ಮನೆಗಳನ್ನೇ ಉಳಿಸಿಕೊಳ್ಳಲು ಹೆಗಲು ಸಾಲದಾಗಿತ್ತು. ಸ್ಮಶಾನ ನೀರಿನಡಿ ಹೋಯಿತು. ನಾವು ಅತ್ತೆವು, ಆದರೆ ಎದೆ ಒಡೆದುಕೊಳ್ಳಲಿಲ್ಲ. ಸತ್ತವರು ಇದ್ದಲ್ಲೇ ಇದ್ದಾರಲ್ಲ. ನವೆಂಬರಿನ ಮೊದಲ ದಿನ, ಎಲ್ಲ ಫಿಲಿಪಿನೋಗಳೂ ಸಮಾಧಿಗಳ ಬಳಿ ಊಟ ಮಾಡುವ ದಿನ, ನಾವು ದೋಣಿಗಳಲ್ಲಿ ಹೋಗತೊಡಗಿದೆವು. ಗುಡ್ಡದ ಎರಡು ಕೋಡುಗಳ ನಡುವಿನ ಕಣಿವೆಯನ್ನು, ಮುಳುಗಿದ ಇಗರ್ಜಿಯ ಗೋಪುರದಲ್ಲಿ ನೀರಿನ ಮೇಲೆ ಉಳಿದಿದ್ದ ಮೋಟಿನ ನೇರಕ್ಕೆ ತಂದುಕೊಳ್ಳಬೇಕು, ಬಲಗಡೆ ಹೊಳೆಯ ಬಾಯಿ ಆಗಷ್ಟೇ ತೆರೆದುಕೊಳ್ಳಬೇಕು. ಅಲ್ಲಿ ಲಂಗರು ಬಿಟ್ಟರೆ ಕೆಳಗೆ ನನ್ನ ದಂದನ್. ಪ್ರತಿ ಮನೆಗೂ ಅದರದರ ನೇರ ಗೊತ್ತಿತ್ತು. ಬಾಳೆ ಎಲೆಯಲ್ಲಿ ಬೇಯಿಸಿದ ಸಿಹಿ ಅನ್ನ ತಿನ್ನುತ್ತಿದ್ದೆವು, ತೆಂಗಿನ ಚಿಪ್ಪಿನಲ್ಲಿ ಮೇಣದ ಬತ್ತಿ ತೇಲಿಬಿಡುತ್ತಿದ್ದೆವು, ದೋಣಿಯಿಂದ ದೋಣಿಗೆ ಇಸ್ಪೀಟಿನ ಎಲೆ ಎಸೆಯುತ್ತಾ ಆಡುತ್ತಿದ್ದೆವು. "ನಿನ್ನ ಗಂಡನ ಮೇಲೆ ನನ್ನ ಲಂಗರು ಬಿತ್ತು, ಕ್ಷಮಿಸು" ಎಂದು ಎಲಿಸೆಯೊ ಪ್ರತಿ ವರ್ಷವೂ ಒಬ್ಬ ವಿಧವೆಗೆ ಹೇಳುತ್ತಿದ್ದ. "ಇನ್ನೂ ನಾಲ್ಕು ಬೀಳಲಿ, ಬದುಕಿದ್ದಾಗ ತಪ್ಪಿಸಿಕೊಂಡ" ಎಂದು ಅವಳು ಪ್ರತಿ ವರ್ಷವೂ ಹೇಳುತ್ತಿದ್ದಳು.

ಆಮೇಲೆ ಕಂಪನಿ ಬಂತು. ಅದರ ಹೆಸರನ್ನು ನಾನು ಬರೆಯುವುದಿಲ್ಲ, ಈ ಕಾಗದದಲ್ಲಿ ಅದಕ್ಕೆ ಜಾಗವಿಲ್ಲ. ದೂರದ ದೊಡ್ಡ ಊರೊಂದಕ್ಕೆ ಕಡಲಿನ ನಡುವೆ ವಿಮಾನ ನಿಲ್ದಾಣ ಬೇಕಾಗಿತ್ತು, ಅದಕ್ಕೆ ಮರಳು ಬೇಕಾಗಿತ್ತು. ನಮ್ಮ ಕೊಲ್ಲಿಯ ತಳದಲ್ಲಿ ಒಳ್ಳೆಯ ಮರಳಿತ್ತು. ನಾವು ತಡೆದೆವು. ಇದು ನಮ್ಮ ಊರು, ಕೆಳಗೆ ನಮ್ಮ ಸ್ಮಶಾನವಿದೆ ಎಂದು ನ್ಯಾಯಾಲಯಕ್ಕೆ ಹೋದೆವು. ಅರ್ಜಿ ಬರೆದವಳು ನಾನು. ಗೆದ್ದೇ ಗೆಲ್ಲುತ್ತೇವೆ ಎಂದುಕೊಂಡಿದ್ದೆ, ಯಾಕೆಂದರೆ ನಮ್ಮ ಕಾಲದ ಕಾನೂನು ಒಂದು ಒಳ್ಳೆಯ ಮಾತು ಹೇಳುತ್ತದೆ: ಕಡಲು ನುಂಗಿದ ನೆಲವೂ, ಅದರ ಗಡಿಕಲ್ಲು ಇದ್ದ ಜಾಗದಲ್ಲೇ ಇದ್ದರೆ, ಆ ಊರಿನದೇ. ಕಲ್ಲು ನೀರಿನಡಿಯಲ್ಲಿದ್ದರೂ ಸರಿ. ಮುಳುಗಿದ ಎಷ್ಟೋ ಊರುಗಳು ಈ ಒಂದು ಮಾತಿನ ಮೇಲೆ ಬದುಕಿವೆ. ಕಂಪನಿಯ ವಕೀಲ ಎದ್ದು ನಿಂತು ಒಂದು ಹಳೆಯ ಫೋಟೋ ತೋರಿಸಿದ. ಮೊದಲನೆಯ ಹೊರೆಯ ದಿನದ್ದು. ನಮ್ಮ ಜನ ನಗುನಗುತ್ತಾ, ಪಾದ್ರಿ ಮುಂದೆ, ವಾದ್ಯದವರು ಹಿಂದೆ, ಹಿನಾಬಾನಿನ ಗಡಿಕಲ್ಲುಗಳನ್ನು ಕಿತ್ತು ಹೂಮಾಲೆ ಹಾಕಿ ಹೊತ್ತುಕೊಂಡು ಹೋಗುತ್ತಿದ್ದಾರೆ. ಮನೆಗಳ ಜೊತೆ, ಗಂಟೆಯ ಜೊತೆ, ಕಲ್ಲುಗಳನ್ನೂ ಮೇಲೆ ಒಯ್ದು ಹೊಸ ಊರಿನ ಅಂಚಿಗೆ ನೆಟ್ಟರು. ಸ್ಮಶಾನ ಅಂದೇ ಗಡಿಯ ಹೊರಗೆ ಬಿತ್ತು. ನೆಲ ಒಣಗಿದ್ದರಿಂದ ಯಾರೂ ಗಮನಿಸಲಿಲ್ಲ. "ಊರು ಎಲ್ಲಿಗೆ ಹೋಯಿತೆಂದು ಇವರೇ ತೋರಿಸಿದ್ದಾರೆ ಸ್ವಾಮಿ, ಬಿಟ್ಟು ಹೋದದ್ದನ್ನು ಈಗ ಕೇಳುತ್ತಿದ್ದಾರೆ" ಎಂದ ವಕೀಲ. ನಾನು ಎದ್ದು, ಅಲ್ಲಿ ಸತ್ತವರಿದ್ದಾರೆ ಎಂದೆ. ಪರೀಕ್ಷೆ ಮಾಡಿಸಿದ್ದೇವೆ, ಆ ಮರಳಿನಲ್ಲಿ ಲೆಕ್ಕಕ್ಕೆ ಬರುವಂಥ ಕಲ್ಮಶವಿಲ್ಲ ಎಂದ. ಮುತ್ತಜ್ಜ, ನನ್ನ ಮಗನನ್ನು ಆ ಸಭೆಯಲ್ಲಿ ಹೀಗೆ ಕರೆದರು. ಲೆಕ್ಕಕ್ಕೆ ಬಾರದ ಕಲ್ಮಶ. ನಿಮ್ಮನ್ನೂ.

ನಾವು ಸೋತೆವು. ಮರಳು ಹೀರುವ ಹಡಗು ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ ಕೊಲ್ಲಿಯಲ್ಲಿ ನಿಂತಿತ್ತು. ಈ ನವೆಂಬರಿನಲ್ಲಿ ಅದು ಹೋದ ಮೇಲೆ ನಾವು ಮತ್ತೆ ದೋಣಿ ಇಳಿಸಿದೆವು. ಸಂಜೆ ಬಿಸಿಲು ಗುಡ್ಡದ ಮೇಲಿತ್ತು. ಗೋಪುರದ ಮೋಟೂ ಈಗಿಲ್ಲ, ಆದರೂ ಕಣಿವೆಯನ್ನೂ ಹೊಳೆಯ ಬಾಯನ್ನೂ ನೋಡಿಕೊಂಡು ನೇರ ಹಿಡಿದೆ. ಎಲಿಸೆಯೊ ಲಂಗರು ಬಿಟ್ಟ. ಹಗ್ಗ ಜಾರಿತು, ಜಾರಿತು, ತುದಿಯ ಗಂಟು ಅವನ ಅಂಗೈಗೆ ಬಂದು ನಿಂತಿತು. "ಪೆರ್ಪಿಂಗ್, ಹಗ್ಗ ಮುಗೀತು" ಎಂದು ನನ್ನ ಮುದ್ದು ಹೆಸರು ಹಿಡಿದು ಹೇಳಿದ. ನಾನು ನನ್ನ ದೋಣಿಯ ಹಗ್ಗ ಕೊಟ್ಟೆ. ಅದನ್ನೂ ಗಂಟುಹಾಕಿ ಬಿಟ್ಟ. ಮುಟ್ಟಲಿಲ್ಲ. ಸುತ್ತ ಎಲ್ಲ ದೋಣಿಗಳಲ್ಲೂ ಜನ ಹಗ್ಗ ಹಿಡಿದುಕೊಂಡು ಕೂತಿದ್ದರು. ಯಾರೂ ಎಲೆ ಎಸೆಯಲಿಲ್ಲ. ಹಿಡಿದು ನಿಲ್ಲಿಸುವ ನೆಲವಿಲ್ಲದೆ ದೋಣಿಗಳು ಮೆಲ್ಲಗೆ ಒಂದರಿಂದೊಂದು ದೂರ ತೇಲಿಹೋದವು. ಲಂಗರಿನ ತಮಾಷೆ ಕೇಳುತ್ತಿದ್ದ ಆ ವಿಧವೆ ಮಾತ್ರ, "ಎಲಿಸೆಯೊ, ಈ ವರ್ಷ ಯಾಕೆ ಕ್ಷಮೆ ಕೇಳಲಿಲ್ಲ?" ಎಂದಳು. ಅವನು ಹಗ್ಗ ಮೇಲೆಳೆಯತೊಡಗಿದ.

ಇನ್ನು ನಿಮ್ಮಿಂದ ಆಗಬೇಕಾದ ಕೆಲಸ. ಮೊದಲನೆಯ ಹೊರೆಯ ತೀರ್ಮಾನವಾಗುವುದು ಬಾಸ್ಕೆಟ್‌ಬಾಲ್ ಅಂಕಣದ ತಗಡಿನ ಮಾಡಿನಡಿ. ನಮ್ಮಲ್ಲಿ ಮದುವೆ, ಮತದಾನ, ಶವದ ಜಾಗರಣೆ ಎಲ್ಲ ಅಲ್ಲೇ. ಮೇಯರ್ ಕ್ರಿಸಾಂತಾ ಬಾಲುಯೊಟ್ ಎಲ್ಲರ ಮನೆಗಳ ಸರದಿ ಹೇಳಿ ಮುಗಿಸಿದಾಗ, ಹಿಂದಿನಿಂದ ಯಾರೋ ಮುದುಕ, "ಮತ್ತೆ ಮೊಹೊನ್‌ಗಳು? ಅವನ್ನು ಒಂಟಿಯಾಗಿ ಬಿಟ್ಟುಹೋಗೋದಾ?" ಎಂದು ಕೇಳುತ್ತಾನೆ. ಸಂತ ರೋಕೆಯ ಪಕ್ಕದಲ್ಲಿ ಯಾವಾಗಲೂ ಒಂದು ನಾಯಿ ಇರುತ್ತದೆ, ನೀವು ಇಗರ್ಜಿಯಲ್ಲಿ ನೋಡುತ್ತೀರಿ. ಮೇಯರ್ ಸೊಂಟದ ಮೇಲೆ ಕೈಯಿಟ್ಟು, "ನಮ್ಮ ಸಂತನೇ ತನ್ನ ನಾಯೀನ ಬಿಟ್ಟು ಎಲ್ಲಿಗೂ ಹೋಗಿಲ್ಲ. ನಾವು ಮನೆ ಹೊತ್ತುಕೊಂಡು ಹೋಗಿ, ಮನೆ ಕಾದ ನಾಯೀನ ಕಡಲಿಗೆ ಬಿಡ್ತೀವಾ?" ಎನ್ನುತ್ತಾಳೆ. ಅಂಕಣವೆಲ್ಲ ನಗು, ಚಪ್ಪಾಳೆ. ಅವಳಲ್ಲಿ ಕೆಟ್ಟದ್ದಿಲ್ಲ. ಪ್ರೀತಿಯಿಂದಲೇ ಹೇಳುತ್ತಾಳೆ. ಆ ಪ್ರೀತಿಯ ಮೇಲೆ ನನಗೆ ಇಂದಿಗೂ ಸಿಟ್ಟು, ಯಾಕೆಂದರೆ ಅದನ್ನು ಎದುರಿಸಿ ಮಾತಾಡಲು ಯಾರಿಗೂ ಬಾಯಿ ಬರುವುದಿಲ್ಲ.

ನಿಮಗೆ ಬರಬೇಕಿತ್ತು. ನಿಮ್ಮ ಕಡೆ ಗಡಿಕಲ್ಲನ್ನು ಕದಲಿಸುವುದು ಮಹಾಪಾಪ ಎಂದು ನಿಮಗೆ ಗೊತ್ತಿತ್ತು. ಮರವಂತೆಯಲ್ಲಿ ಕಡಲು ಮನೆ ತಿಂದಾಗಲೂ ನಿಮ್ಮ ಅಜ್ಜ, ಕಲ್ಲು ಮುಟ್ಟಬೇಡಿ, ನೀರು ಇಳಿದ ದಿನ ನಮ್ಮ ಜಾಗ ಎಲ್ಲೆಂದು ಅದೇ ಹೇಳುತ್ತದೆ ಎಂದಿದ್ದರಂತೆ. ಆ ಮಾತು ಅಂದು ನಿಮ್ಮ ಗಂಟಲವರೆಗೆ ಬಂದಿತ್ತು. ಮುದುಕರಾದ ಮೇಲೆ ನೀವೇ ಮಗಳಿಗೆ ಹೇಳಿದ್ದೀರಿ: "ನಾನು ಆ ಊರಿನ ಅಳಿಯ. ಅಳಿಯ ಮಾವನ ಊರಿಗೆ ಬುದ್ಧಿ ಹೇಳಬಾರದು ಎಂದು ಸುಮ್ಮನಿದ್ದೆ." ನಾನು ನಿಮ್ಮನ್ನು ದೂರುತ್ತಿಲ್ಲ. ಅದು ನಿಮ್ಮ ಕಡೆಯ ಮರ್ಯಾದೆ. ಅವರದು ಅವರ ಕಡೆಯ ಪ್ರೀತಿ. ಎರಡು ಒಳ್ಳೆಯ ಗುಣಗಳು ಸೇರಿ ನನ್ನ ಮಗನ ಗೋರಿಯನ್ನು ಮಾರಿಬಿಟ್ಟವು.

ಆದ್ದರಿಂದ, ಅಂದು ಮರ್ಯಾದೆ ಬಿಡಿ. ಈ ಊರಿನ ವಾರಾಯ್ ಭಾಷೆ ನಿಮ್ಮ ಬಾಯಲ್ಲಿ ಆಗಲೂ ಹರಕುಮುರುಕಾಗಿಯೇ ಇರುತ್ತದೆ, ಪರವಾಗಿಲ್ಲ. ಅರ್ಧ ಊರಿನ ಹೆರಿಗೆ ಮಾಡಿಸಿದವರು ನೀವು, ಕೇಳುತ್ತಾರೆ. ಅವರು ನಕ್ಕರೆ ನೀವೂ ನಕ್ಕು ಮತ್ತೆ ಹೇಳಿ. ಮನೆಗಳನ್ನು ಒಯ್ಯಿರಿ, ಗಂಟೆಯನ್ನು ಒಯ್ಯಿರಿ, ಸಂತನನ್ನೂ ಅವನ ನಾಯಿಯನ್ನೂ ಒಯ್ಯಿರಿ, ಕಲ್ಲನ್ನು ಮಾತ್ರ ಇದ್ದಲ್ಲೇ ಬಿಡಿ ಎನ್ನಿ. ಯಾಕೆ ಎಂದು ಕೇಳುತ್ತಾರೆ. ಕಾನೂನು ಹೇಳಬೇಡಿ, ಆ ಕಾನೂನು ಇನ್ನೂ ಹುಟ್ಟಿರುವುದಿಲ್ಲ. ನಮ್ಮ ಸತ್ತವರ ಕಾವಲಿಗೆ ಯಾರಾದರೂ ಉಳಿಯಬೇಕಲ್ಲ ಎನ್ನಿ. ಅದು ಅವರಿಗೆ ಅರ್ಥವಾಗುತ್ತದೆ.

ಹೋಗಿಬರುತ್ತೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ನಾವು ಎಂದೂ ಭೇಟಿಯಾಗಿಲ್ಲ. ನಾನು ಹುಟ್ಟುವ ಹಿಂದಿನ ವರ್ಷ ನೀವು ತೀರಿಕೊಂಡಿರಿ. ಉಪ್ಪಿನಕಾಯಿ ಮುಗಿದರೆ ಅಳಬೇಡಿ, ಕರಿದಾದ್ ಇಲ್ಲಿಯ ಹಸಿ ಮಾವಿನಕಾಯಿಯಲ್ಲಿ ಅದಕ್ಕಿಂತ ಒಳ್ಳೆಯದನ್ನು ಮಾಡುತ್ತಾಳೆ. ಅವಳನ್ನು ಪ್ರೀತಿಸಿ, ನನ್ನ ಅಜ್ಜಿಗೆ ಕನ್ನಡ ಕಲಿಸಿ, ಇದ್ದಷ್ಟು ದಿನ ಸುಖವಾಗಿರಿ. ಆದರೆ ಆ ಮಧ್ಯಾಹ್ನ ಅಂಕಣದ ಮೆಟ್ಟಿಲ ಮೇಲೆ ನೀವು ಅವಳ ಪಕ್ಕ ಕೂತಿರುವಾಗ, ಸುತ್ತ ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ, ನಿಮ್ಮದೇ ಹೆಸರಿನ ಒಬ್ಬ ಹುಡುಗ ನಿಮ್ಮ ಕಾಲ ಬಳಿ ಮಲಗಿದ್ದಾನೆ ಎಂದುಕೊಳ್ಳಿ. ಎದ್ದು ನಿಲ್ಲಿ, ಮುತ್ತಜ್ಜ.